ಏಳು ವರ್ಷದ ಕಾಯುವಿಕೆ, ಎರಡು ವರ್ಷದ ಗಡುವು

ಮುಂಬಯಿ ಸೇರಿ ಸುದ್ದಿಯಿಲ್ಲದಾದ ಹೋಟೆಲ್ ಮಾಣಿಗಳನ್ನು ಹಿಂದೆ ಊರಿನವರು ಹಳೆಯ ಕಾರ್ಡಿನ ಅಂಚೆಮುದ್ರೆಯ ಜಾಡು ಹಿಡಿದು ಹುಡುಕುತ್ತಿದ್ದರು. ಆ ಕಾರ್ಡು ತಾಯಿಯ ಪೆಟ್ಟಿಗೆಯಲ್ಲಿರುತ್ತಿತ್ತು. ಇಂದು ಕಾಣೆಯಾದವರ ಜಾಡು ಉಳಿಯುವುದು ಹಳೆಯ ಮಿಂಚಂಚೆ, ಚಿತ್ರ, ಹರಟೆಗಳಲ್ಲಿ. ಪೆಟ್ಟಿಗೆಯ ಕೀಲಿ ಕಂಪನಿಯ ಕೈಯಲ್ಲಿದೆ.

2014ರ ಸೆಪ್ಟೆಂಬರ್ 30ರಂದು ಆರ್ಕುಟ್ ಬಾಗಿಲು ಮುಚ್ಚಿತು. ಎರಡು ವರ್ಷ ಬಳಸದ ವೈಯಕ್ತಿಕ ಖಾತೆಗಳನ್ನು ಅಳಿಸಬಹುದೆಂಬ ನಿಯಮವನ್ನು 2023ರಲ್ಲಿ ಗೂಗಲ್ ತಂದಿತು. ನಮ್ಮ ಸಾಕ್ಷ್ಯ ಕಾನೂನಾದರೋ, ಸಹಜವಾಗಿ ಸುದ್ದಿ ತಿಳಿಯಬೇಕಾದವರಿಗೇ 7 ವರ್ಷ ಏನೂ ತಿಳಿಯದಿದ್ದಾಗ ಮಾತ್ರ ಒಬ್ಬರನ್ನು ಮೃತರೆಂದು ಭಾವಿಸುತ್ತದೆ. ಕಾನೂನಿಗಿರುವ ತಾಳ್ಮೆ ಗಣಕಕ್ಕೇಕಿಲ್ಲ? ಕಾಣೆಯಾದ ದೂರು ಪೊಲೀಸರಲ್ಲಿ ದಾಖಲಾಗಿದ್ದರೆ ಆ ಖಾತೆಯನ್ನು 7 ವರ್ಷ ಅಳಿಸಕೂಡದೆಂಬ ವಿಧಿ ಬೇಕೆಂದು ನಾವು ಒತ್ತಾಯಿಸುತ್ತೇವೆ.

ಉಳಿಸಿದ್ದನ್ನೆಲ್ಲ ತೆರೆದು ತೋರಿಸಬೇಕೆಂದು ಮಾತ್ರ ನಾವು ಹೇಳೆವು. ತಾವಾಗಿಯೇ ಮನೆ ತೊರೆದವರೂ ಉಂಟು. ಹೊಡೆತ ತಾಳಲಾರದೆ ಹೊರಟ ಸೊಸೆಯ ಪತ್ರಗಳನ್ನು ಹೊಡೆದವರ ಕೈಗೇ ಒಪ್ಪಿಸಿದರೆ ಅದನ್ನು ಬೇಟೆಯೆನ್ನಬೇಕು. ತೆರೆಯಲು ನ್ಯಾಯಾಲಯದ ಅಪ್ಪಣೆಯಿರಲಿ. ಸಿಕ್ಕವರು ಮನೆಗೆ ಮರಳಲೊಲ್ಲೆನೆಂದರೆ, ವಿಳಾಸವಿಲ್ಲದೆ 'ಕ್ಷೇಮ' ಎಂಬ ಒಂದೇ ಸಾಲನ್ನು ಪೊಲೀಸರು ತಲುಪಿಸಲಿ. ಹಳೆಯ ಕಾರ್ಡುಗಳಲ್ಲೂ ಬಹುಪಾಲು ಅಷ್ಟೇ ಇರುತ್ತಿತ್ತು.