ಹಳೇ ಟಿಡಿಎಸ್ ವಾಪಸ್ ಬರುತ್ತದೆಯೇ?

ಕಳೆದ ವಾರ ಶಿರಾಳಕೊಪ್ಪದ ಬಸ್ ಸ್ಟ್ಯಾಂಡ್ ಹತ್ತಿರ ದೂರದ ಸಂಬಂಧದ ಚಿಕ್ಕಮ್ಮ ಸಿಕ್ಕರು. ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ, ಅದರ ತುಂಬಾ ಬ್ಯಾಂಕಿನ ಕಾಗದ. "ನೋಡಪ್ಪಾ, ನಾಲ್ಕು ವರ್ಷದಿಂದ ನನ್ನ ಬಡ್ಡೀಲಿ ದುಡ್ಡು ಹಿಡ್ಕೊಂಡಿದಾರಂತೆ. ವಾಪಸ್ ಬರುತ್ತೇನು?" ಅಂದರು.

ಅಡಿಕೆ ಮಾರಿದ ದುಡ್ಡನ್ನು ಠೇವಣಿ ಇಟ್ಟಿದ್ದರು. ವರ್ಷಕ್ಕೆ ಸುಮಾರು 62,000 ರೂಪಾಯಿ ಬಡ್ಡಿ. ಅದರಲ್ಲಿ ಶೇ. 10, ಅಂದರೆ 6,200 ಟಿಡಿಎಸ್. ತೋಟದ ಆದಾಯಕ್ಕೆ ತೆರಿಗೆ ಇಲ್ಲ, ಬಡ್ಡಿ ಬಿಟ್ಟರೆ ಬೇರೆ ಆದಾಯವೂ ಇಲ್ಲ. ಅಂದಮೇಲೆ ಪೂರ್ತಿ ಹಣ ಅವರದ್ದೇ. ಆದರೆ ರಿಟರ್ನ್ ಹಾಕದೆ ಅದು ತಾನಾಗಿ ಬರುವುದಿಲ್ಲ.

ಪೇಟೆಯಲ್ಲಿ ಯಾರೋ "ಈಗ ನಾಲ್ಕು ವರ್ಷ ಟೈಮ್ ಕೊಟ್ಟಿದಾರೆ, ಅರ್ಜೆಂಟಿಲ್ಲ" ಅಂದಿದ್ದರಂತೆ. ಎಡವಟ್ಟಾಗುವುದು ಇಲ್ಲೇ. ಆ ನಾಲ್ಕು ವರ್ಷ ಇರುವುದು ಅಪ್‌ಡೇಟೆಡ್ ರಿಟರ್ನ್‌ಗೆ. ಅದು ಬಿಟ್ಟುಹೋದ ಆದಾಯ ತೋರಿಸಿ ಹೆಚ್ಚಿನ ತೆರಿಗೆ ಕಟ್ಟುವವರಿಗೆ. ಅದರಲ್ಲಿ ರೀಫಂಡ್ ಕೇಳುವ ಹಾಗೇ ಇಲ್ಲ. ಕೊಡೋದಕ್ಕೆ ನಾಲ್ಕು ವರ್ಷ, ಇಸ್ಕೊಳ್ಳೋದಕ್ಕೆ ಡಿಸೆಂಬರ್ 31!

2024-25ನೇ ಸಾಲಿನ ರಿಟರ್ನ್‌ಗೆ ಕೊನೆಯ ದಿನ ಸೆಪ್ಟೆಂಬರ್ 16ಕ್ಕೇ ಮುಗಿಯಿತು. ತಡವಾದ ರಿಟರ್ನ್ ಅಂತ 2025ರ ಡಿಸೆಂಬರ್ 31ರವರೆಗೆ ಹಾಕಬಹುದಿತ್ತು, ರೀಫಂಡೂ ಸಿಗುತ್ತಿತ್ತು. ತಡವಾದದ್ದಕ್ಕೆ ಶುಲ್ಕ 5,000, ಆದಾಯ 5 ಲಕ್ಷದೊಳಗಿದ್ದರೆ 1,000. ಚಿಕ್ಕಮ್ಮನ ಹಾಗೆ ವಿನಾಯಿತಿ ಮಿತಿಯೊಳಗೇ ಇದ್ದರೆ ಏನೂ ಇಲ್ಲ. ಕೃಷಿ ಆದಾಯ 5,000 ದಾಟಿದ್ದರೆ ಐಟಿಆರ್-1 ನಡೆಯುವುದಿಲ್ಲ, ಐಟಿಆರ್-2 ಹಾಕಬೇಕು. ನಮ್ಮ ಕಡೆ ಬಹಳ ಜನ ಎಡವುವುದು ಇಲ್ಲಿ. ಹಾಕಿದ 30 ದಿನದೊಳಗೆ ಆಧಾರ್ ಒಟಿಪಿ ಕೊಟ್ಟು ದೃಢೀಕರಿಸದಿದ್ದರೆ ಹಾಕಿಯೂ ಹಾಕದ ಹಾಗೆ.

ಅದಕ್ಕೂ ಹಿಂದಿನ ಮೂರು ವರ್ಷದ್ದು? ತಡವನ್ನು ಮನ್ನಿಸಿ ಎಂದು ಆದಾಯ ತೆರಿಗೆ ಆಯುಕ್ತರಿಗೆ ಅರ್ಜಿ ಕೊಡಬೇಕು. ಕಾನೂನಿನ 119(2)(ಬಿ) ಕಲಮು ಇರುವುದೇ ಇದಕ್ಕೆ. ಮೊದಲು ಆರು ವರ್ಷ ಗಡುವಿತ್ತು. 2024ರ ಅಕ್ಟೋಬರ್ 1ರ ಸುತ್ತೋಲೆಯಲ್ಲಿ ಕೇಂದ್ರ ನೇರ ತೆರಿಗೆ ಮಂಡಳಿ ಅದನ್ನು ಐದಕ್ಕೆ ಇಳಿಸಿತು. ಎಣಿಕೆ ಶುರುವಾಗುವುದು ಮೌಲ್ಯಮಾಪನ ವರ್ಷ ಮುಗಿದ ಮೇಲೆ. ಹಾಗಾಗಿ 2021-22ರ ಬಡ್ಡಿಯ ಹಣಕ್ಕೆ 2028ರ ಮಾರ್ಚ್ 31ರವರೆಗೆ ಅವಕಾಶವಿದೆ. 2019-20ರದ್ದು ಯಾರದ್ದಾದರೂ ಉಳಿದಿದ್ದರೆ 2026ರ ಮಾರ್ಚ್ 31ಕ್ಕೆ ಬಾಗಿಲು ಹಾಕಿತು ಅಂತಲೇ ತಿಳಿಯಿರಿ. ಹೀಗೆ ತಡವಾಗಿ ಬರುವ ಹಣಕ್ಕೆ ಬಡ್ಡಿ ಸಿಗುವುದಿಲ್ಲ. "ಗೊತ್ತಿರಲಿಲ್ಲ ಸಾರ್" ಅಂದರೆ ಸಾಲದು, ನಿಜವಾದ ತೊಂದರೆಗೆ ದಾಖಲೆ ಬೇಕು.

ಬರುವ ಏಪ್ರಿಲ್‌ನಲ್ಲೇ ಬ್ಯಾಂಕಿಗೆ ಫಾರಂ ಬರೆದುಕೊಟ್ಟುಬಿಡಿ, ಟಿಡಿಎಸ್ ಹಿಡಿಯುವುದಿಲ್ಲ ಅಂತಲೂ ಹೇಳಿದೆ.

ಈ ವರ್ಷದ ರಿಟರ್ನ್ ಅವತ್ತು ಸಂಜೆಯೇ ಹಾಕಿದೆವು. ಹಳೆಯ ಮೂರಕ್ಕೆ ಚಿಕ್ಕಪ್ಪನ ಆಸ್ಪತ್ರೆ ಕಾಗದ ಬೇಕು. ಅಟ್ಟದ ಮೇಲಿನ ಟ್ರಂಕಿನಲ್ಲಿದೆಯಂತೆ; ಭಾನುವಾರ ಹತ್ತಿ ಹುಡುಕಬೇಕು.