ನಮ್ಮ ಚಳಿಗಾಲವೂ ಸ್ಪೋರ್ಟ್ಸ್ ಕಾರೂ

ಚಳಿಗಾಲದಲ್ಲಿ ಮೋಟಾರು ಗಾಡಿಯನ್ನು, ಅದರಲ್ಲಿಯೂ ಸ್ಪೋರ್ಟ್ಸ್ ಕಾರೆಂದು ಹೆಸರಾದ ತಗ್ಗುಮೈಯ ವೇಗದ ಗಾಡಿಯನ್ನು, ಹೇಗೆ ಓಡಿಸಬೇಕು, ಹೇಗೆ ಕಾಪಾಡಬೇಕು ಎಂಬುದನ್ನು ಕುರಿತು ಇಂಗ್ಲಿಷಿನಲ್ಲಿ ಬರವಣಿಗೆ ಹೇರಳವಾಗಿ ಉಂಟು. ಅದನ್ನು ಬರೆದವರು ಬಹುಮಟ್ಟಿಗೆ ಹಿಮ ಬೀಳುವ ದೇಶಗಳವರು. ನಮ್ಮ ತರುಣರು ಅದನ್ನು ಶ್ರದ್ಧೆಯಿಂದ ಓದುತ್ತಾರೆ. ಓದಿದ್ದನ್ನು ಇಲ್ಲಿಯ ಗಾಡಿಗೂ ಹಾಗೆಯೇ ಅನ್ವಯಿಸುತ್ತಾರೆ. ಚಳ್ಳಕೆರೆ ತಾಲ್ಲೂಕಿನ ಗೌರಸಮುದ್ರದ ರಸ್ತೆಯಲ್ಲಿ ಆ ಬುದ್ಧಿವಾದಗಳನ್ನು ಒರೆಗೆ ಹಚ್ಚಿ ನೋಡಿದರೆ ಕೆಲವು ನಿಲ್ಲುತ್ತವೆ, ಕೆಲವು ಬೀಳುತ್ತವೆ. ಎಲ್ಲಕ್ಕಿಂತ ಮುಖ್ಯವಾದುದೊಂದು ಅವುಗಳಲ್ಲಿ ಇಲ್ಲವೇ ಇಲ್ಲ.

ಗೌರಸಮುದ್ರಕ್ಕೂ ಸ್ಪೋರ್ಟ್ಸ್ ಕಾರಿಗೂ ಏನು ನಂಟು ಎಂದು ವಾಚಕರು ಕೇಳಬಹುದು. ಮಾರಮ್ಮನ ಜಾತ್ರೆಯಿಂದ ಹೆಸರಾದ ಈ ಊರು ತಳಕಿನ ಕಡೆಯದು. ಹಿರಿಯೂರಿನಿಂದ ಚಳ್ಳಕೆರೆಯ ಮೇಲೆ ಬಳ್ಳಾರಿಗೆ ಹೋಗುವ ಹೆದ್ದಾರಿ ತಳಕನ್ನು ಹಾದುಹೋಗುತ್ತದೆ. ಬೆಂಗಳೂರಿನ ವೇಗದ ಗಾಡಿಗಳು ಬಯಲುಸೀಮೆಯ ನೇರ ರಸ್ತೆಗಳನ್ನು ಅರಸಿ ಬರುವುದು ಬಿಸಿಲು ತಗ್ಗಿದ ಮಾರ್ಗಶಿರ, ಪುಷ್ಯ ಮಾಸಗಳಲ್ಲಿ. ಹೆದ್ದಾರಿಯನ್ನು ಬಿಟ್ಟು ಪಕ್ಕದ ಊರ ರಸ್ತೆಗೆ ತಿರುಗಲು ಎಷ್ಟು ಹೊತ್ತು?

ಇಲ್ಲಿಯ ಚಳಿಯಾದರೂ ಎಂತಹುದು? ಬೆಳಗಿನ ಜಾವ ಉಷ್ಣಮಾಪಕವು 15 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿಗೆ, ಕೆಲವು ದಿನ ಅದಕ್ಕೂ ಕೆಳಕ್ಕೆ ಇಳಿಯುತ್ತದೆ. ಅದೇ ಮಧ್ಯಾಹ್ನ 30ರ ಸಮೀಪಕ್ಕೆ ಏರುತ್ತದೆ. ಆದುದರಿಂದ ನೀರು ಹೆಪ್ಪುಗಟ್ಟುವ ಮಾತೇ ಇಲ್ಲ. ನಮ್ಮ ಚಳಿಗಾಲದ ಗುಣ ಕೊರೆತವಲ್ಲ, ಏರಿಳಿತ.

ಈ ಏರಿಳಿತವು ಟೈರಿನ ಮೇಲೆ ಮಾಡುವ ಪರಿಣಾಮವನ್ನು ಭೌತಶಾಸ್ತ್ರ ಓದುವ ಯಾವ ವಿದ್ಯಾರ್ಥಿಯಾದರೂ ಲೆಕ್ಕ ಹಾಕಬಹುದು. ಮಧ್ಯಾಹ್ನ 30 ಡಿಗ್ರಿಯಲ್ಲಿ, ಗಾಡಿ ನಿಂತಿರುವಾಗ, ಚದರ ಅಂಗುಲಕ್ಕೆ 32 ಪೌಂಡು ಒತ್ತಡದ ಗಾಳಿ ತುಂಬಿಸಿದಿರೆನ್ನಿ. ವಾತಾವರಣದ ಒತ್ತಡವನ್ನು ಸೇರಿಸಿದರೆ ನಿಜವಾದ ಒತ್ತಡ ಸುಮಾರು 46.7 ಪೌಂಡು. ನಿರಪೇಕ್ಷ ಉಷ್ಣತೆ 303ರಿಂದ 288ಕ್ಕೆ ಇಳಿದಾಗ ಅದು 44.4 ಆಗುತ್ತದೆ, ಅಂದರೆ ಮಾಪಕದಲ್ಲಿ 30ಕ್ಕೂ ತುಸು ಕಡಮೆ. ಎರಡು ಪೌಂಡಿಗೂ ಮಿಕ್ಕ ಒತ್ತಡ ರಾತ್ರಿಯೊಳಗೆ ಇಳಿದುಹೋಯಿತು! ತೂತಿಲ್ಲ, ಸೋರಿಕೆಯಿಲ್ಲ. ಆದುದರಿಂದ ಗಾಳಿಯನ್ನು ಬೆಳಿಗ್ಗೆ, ಗಾಡಿ ಓಡುವುದಕ್ಕೆ ಮೊದಲೇ ಅಳೆಯತಕ್ಕದ್ದು.

ಇದೇ ಲೆಕ್ಕವನ್ನು ಎಂಜಿನ್ನಿಗೆ ಅನ್ವಯಿಸಿ. ತಂಪಾದ ಗಾಳಿ ನೂರಕ್ಕೆ ಐದರಷ್ಟು ಸಾಂದ್ರವಾಗಿರುವುದರಿಂದ ಅದೇ ಗಾತ್ರದಲ್ಲಿ ಹೆಚ್ಚು ಆಮ್ಲಜನಕವಿರುತ್ತದೆ; ಎಂಜಿನ್ನು ಮುಂಜಾನೆ ಉತ್ಸಾಹದಿಂದ ಓಡುತ್ತದೆ. ಸ್ಪೋರ್ಟ್ಸ್ ಕಾರಿನ ಟೈರಾದರೋ ಬಿಸಿಯಾದಾಗ ಮೆದುವಾಗಿ ರಸ್ತೆಯನ್ನು ಹಿಡಿಯುವಂತೆ ರಚಿತವಾದುದು. ಮುಂಜಾನೆ ಅದಿನ್ನೂ ಗಡುಸು. ಶಕ್ತಿ ಹೆಚ್ಚಿದ, ಹಿಡಿತ ತಗ್ಗಿದ ಈ ಮೊದಲ ಹತ್ತು ಕಿಲೋಮೀಟರುಗಳೇ ಎಚ್ಚರಿಕೆಯವು. ಹಾಗೆಂದು ಹಿಮದೇಶದ ಚಳಿಗಾಲದ ಟೈರನ್ನು ತಂದು ಹಾಕುವುದು ಶುದ್ಧ ದುಂದು. ಅದು 7 ಡಿಗ್ರಿಗಿಂತ ಕೆಳಗೆ ಸಾರ್ಥಕವಾಗುವ ರಬ್ಬರು. ನಮ್ಮ ಮಧ್ಯಾಹ್ನದ ಡಾಂಬರಿನ ಮೇಲೆ ಬೇಗ ಸವೆಯುತ್ತದೆ.

ಎಣ್ಣೆಯ ವಿಚಾರದಲ್ಲಿಯೂ ಇಂತಹುದೇ ಭ್ರಮೆಯಿದೆ. ಡಬ್ಬಿಯ ಮೇಲಿನ 5ಡಬ್ಲ್ಯು, 10ಡಬ್ಲ್ಯು ಎಂಬ ಗುರುತುಗಳು ಕ್ರಮವಾಗಿ ಸೊನ್ನೆಗಿಂತ 30 ಮತ್ತು 25 ಡಿಗ್ರಿ ಕೆಳಗೆ ಎಂಜಿನ್ನನ್ನು ತಿರುಗಿಸುವಷ್ಟು ಎಣ್ಣೆ ತೆಳುವಾಗಿರುವುದೇ ಎಂಬ ಪರೀಕ್ಷೆಗೆ ಸಂಬಂಧಿಸಿದವು. ಚಳ್ಳಕೆರೆಯ ಚಳಿಗೆ ಹೆದರಿ ತೆಳು ಎಣ್ಣೆಗೆ ಬದಲಿಸಬೇಕಾಗಿಲ್ಲ. ತಯಾರಕರು ಹೇಳಿದುದೇ ಸಾಕು. ಗಾಡಿಯನ್ನು ಹತ್ತು ನಿಮಿಷ ನಿಂತಲ್ಲಿಯೇ ಗುರುಗುಟ್ಟಿಸುವ ವಾಡಿಕೆಯನ್ನೂ ಬಿಡಬೇಕು. ಅರ್ಧ ನಿಮಿಷದ ಬಳಿಕ ಹೊರಟು, ಸ್ವಲ್ಪ ದೂರ ಸಾವಕಾಶವಾಗಿ ಓಡಿಸುವುದೇ ಎಂಜಿನ್ನಿಗೆ ಹಿತ. ಮುಂದಿರುವ ಮುಳ್ಳು ತೋರಿಸುವುದು ನೀರಿನ ಬಿಸಿಯನ್ನು. ಎಣ್ಣೆ ಅದಕ್ಕಿಂತ ತಡವಾಗಿ ಬಿಸಿಯೇರುತ್ತದೆಂಬುದನ್ನು ಮರೆಯಬಾರದು.

ಇನ್ನು ರೇಡಿಯೇಟರು. “ಇಲ್ಲಿ ಹೆಪ್ಪುಗಟ್ಟುವುದಿಲ್ಲವಲ್ಲ, ಬಾವಿಯ ನೀರನ್ನೇ ಹಾಕಿದರಾಯಿತು” ಎನ್ನುವವರುಂಟು. ಗ್ಲೈಕಾಲ್ ದ್ರವ ಹೆಪ್ಪುಗಟ್ಟುವುದನ್ನು ತಡೆಯುವುದಷ್ಟೇ ಅಲ್ಲ, ಕುದಿಯುವ ಬಿಂದುವನ್ನು ಏರಿಸುತ್ತದೆ. ಅದರಲ್ಲಿ ಬೆರೆಸಿದ ದ್ರವ್ಯಗಳು ಅಲ್ಯೂಮಿನಿಯಂ ತುಕ್ಕುಹಿಡಿಯದಂತೆ ಕಾಯುತ್ತವೆ. ಬಯಲುಸೀಮೆಯ ಗಡಸು ನೀರು ಒಳಗೆ ಸುಣ್ಣದ ಪದರ ಕಟ್ಟಿಸುತ್ತದೆ. ಇಲ್ಲಿ ಹಿಮದೇಶದವರ ಮಾತೇ ಸರಿ, ಅವರು ಕೊಡುವ ಕಾರಣ ಮಾತ್ರ ನಮ್ಮದಲ್ಲ.

ಇಷ್ಟು ಗಾಡಿಯ ಮಾತಾಯಿತು. ಆ ಪುಸ್ತಕಗಳಲ್ಲಿ ಇಲ್ಲದ ಸಂಗತಿ ರಸ್ತೆಯ ಮೇಲಿದೆ.

ನಮ್ಮಲ್ಲಿ ಚಳಿಗಾಲವೆಂದರೆ ಒಕ್ಕಣೆಯ ಕಾಲ. ರಾಗಿ, ಹುರುಳಿ, ತೊಗರಿ ಕೊಯ್ಲಾಗಿ ಬರುತ್ತವೆ. ಅವನ್ನು ಊರ ಮುಂದಿನ ಡಾಂಬರು ರಸ್ತೆಯ ಮೇಲೆ ಹರಡುತ್ತಾರೆ. ಕಪ್ಪು ಮೈ ಬಿಸಿಲನ್ನು ಚೆನ್ನಾಗಿ ಹೀರುವುದರಿಂದ ಪೈರು ಬೇಗ ಒಣಗುತ್ತದೆ. ಬಸ್ಸು ಲಾರಿಗಳ ಚಕ್ರಗಳು ಬಿಟ್ಟಿಯಾಗಿ ತುಳಿದು ಕಾಳು ಉದುರಿಸುತ್ತವೆ. ಇದರಿಂದಾಗುವ ಮೊದಲ ಕೇಡು ಜಾರುವಿಕೆ. ಹುರುಳಿ, ರಾಗಿಯ ಕಾಳುಗಳು ಬೇರಿಂಗಿನ ಗುಂಡುಗಳಂತೆ ಚಕ್ರದಡಿ ಉರುಳುತ್ತವೆ. ಗಂಟೆಗೆ 60 ಕಿಲೋಮೀಟರು ವೇಗದ ಗಾಡಿ, ಘರ್ಷಣೆಯ ಗುಣಾಂಕ 0.8 ಇದ್ದರೆ, ಬ್ರೇಕು ಹಿಡಿದ 18 ಮೀಟರಿನಲ್ಲಿ ನಿಲ್ಲಬೇಕು, ಅದು 0.3ಕ್ಕೆ ಇಳಿದರೆ 47 ಮೀಟರು ಬೇಕು. ಕಾರಿನಲ್ಲಿ ಕುಳಿತವನಿಗೆ ಇದು ಗಾಬರಿ. ಎರಡು ಚಕ್ರದ ಮೇಲೆ ಬರುವವನಿಗೆ ಜೀವಕ್ಕೇ ಸಂಚಕಾರ.

ಎರಡನೆಯ ಕೇಡು ಬೆಂಕಿ. ಸಾಮಾನ್ಯ ಕಾರಿನ ಹೊಟ್ಟೆ ನೆಲದಿಂದ ಹದಿನಾರು ಹದಿನೇಳು ಸೆಂಟಿಮೀಟರು ಮೇಲಿದ್ದರೆ ಸ್ಪೋರ್ಟ್ಸ್ ಕಾರಿನದು ಹನ್ನೆರಡರ ಆಸುಪಾಸು. ಹೊಗೆಕೊಳವೆಯ ದಾರಿಯಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಎಂಬ ಪೆಟ್ಟಿಗೆಯಿದೆ. ವಿಷವಾದ ಕಾರ್ಬನ್ ಮಾನಾಕ್ಸೈಡು ಮೊದಲಾದವನ್ನು ನಿರಪಾಯ ಅನಿಲಗಳಾಗಿ ಮಾರ್ಪಡಿಸುವ ಈ ಸಾಧನವನ್ನು ನಮ್ಮ ದೇಶದಲ್ಲಿ 1995ರಲ್ಲಿ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲು ಕಾರುಗಳಿಗೆ ಮೊದಲು ಕಡ್ಡಾಯ ಮಾಡಿದರು. ಒಳ್ಳೆಯ ಸಾಧನವೇ, ಆದರೆ ಬಿಸಿಯಾದಲ್ಲದೆ ಅದು ಕೆಲಸ ಮಾಡದು. ಒಳಗೆ 400 ಡಿಗ್ರಿಗೂ ಮೇಲ್ಪಟ್ಟ ಉಷ್ಣತೆ ಸಾಮಾನ್ಯ. ಹೊರಮೈಯೂ ನೂರಾರು ಡಿಗ್ರಿ. ಒಣಹುಲ್ಲು ಹೊತ್ತಿಕೊಳ್ಳಲು 300ರ ಆಸುಪಾಸು ಸಾಕು. ಹುರುಳಿಯ ಬಳ್ಳಿ ತಿರುಗುವ ದಂಡಕ್ಕೆ ಹಗ್ಗದಂತೆ ಸುತ್ತಿಕೊಂಡು, ಹೊಟ್ಟೆಯ ತಗಡಿನ ಸಂದಿಗೆ ಅಡಕವಾಗಿ ಸೇರಿ, ಹೊಗೆಕೊಳವೆಗೆ ತಾಗಿತೆಂದರೆ ಮುಂದಿನದನ್ನು ಊಹಿಸಬಹುದು. ರಸ್ತೆಯ ಒಕ್ಕಣೆಯಿಂದ ಕಾರುಗಳು ಸುಟ್ಟುಹೋದ ಸುದ್ದಿಯನ್ನು ನಮ್ಮ ಜಿಲ್ಲೆಗಳ ಪತ್ರಿಕೆಗಳಲ್ಲಿ ಆಗಾಗ್ಗೆ ಓದುತ್ತೇವೆ. ಹೊರಗಿನ ಚಳಿ ಇಲ್ಲಿ ರಕ್ಷಣೆಯಲ್ಲ; ಪೆಟ್ಟಿಗೆ ಬೇಗ ಬಿಸಿಯೇರಲೆಂದೇ ಎಂಜಿನ್ನು ಮೊದಲ ನಿಮಿಷಗಳಲ್ಲಿ ಹೆಚ್ಚು ಬಿಸಿಹೊಗೆಯನ್ನು ಕಳುಹಿಸುವಂತೆ ಏರ್ಪಾಟಿದೆ.

ಇದೇ ಕಾರಣದಿಂದ ಅಮೃತಮಹಲ್ ಕಾವಲಿನ ಒಣಹುಲ್ಲಿನ ಮೇಲೆ, ಚಿತ್ರ ತೆಗೆಯುವುದಕ್ಕೆಂದೋ ಊಟಕ್ಕೆಂದೋ, ಬಿಸಿಯಾದ ಗಾಡಿಯನ್ನು ನಿಲ್ಲಿಸಕೂಡದು. ಅಲ್ಲಿ ಸುಡುವುದು ಒಬ್ಬನ ಕಾರಷ್ಟೇ ಅಲ್ಲ, ಕೃಷ್ಣಮೃಗಗಳ ಮೇವೂ ನೆಲದ ಮೇಲೆ ಗೂಡುಕಟ್ಟುವ ಹಕ್ಕಿಗಳ ನೆಲೆಯೂ ಹೌದು.

ಚಾಲಕನು ಮಾಡತಕ್ಕುದು ಇಷ್ಟೆ. ಹರಡಿದ ಪೈರು ಗಾಡಿಯ ಹೊಟ್ಟೆಗೆ ತಾಗುವಷ್ಟು ದಪ್ಪವಿದ್ದರೆ ಅದರ ಮೇಲೆ ಹೋಗಲೇಬಾರದು. ಇಳಿದು, ಅಲ್ಲಿರುವವರನ್ನು ಕೇಳಿಕೊಂಡರೆ ಒಂದು ಪಕ್ಕಕ್ಕೆ ಸರಿಸಿಕೊಡುತ್ತಾರೆ. ತೆಳುವಾಗಿದ್ದರೆ ನಿಧಾನವಾಗಿ, ಬ್ರೇಕು ಒತ್ತದೆ ದಾಟಿ, ಬರಿಯ ಡಾಂಬರು ಸಿಕ್ಕಿದೊಡನೆ ಎಂಜಿನ್ನು ನಿಲ್ಲಿಸಿ ಬಗ್ಗಿ ನೋಡಬೇಕು. ಅಂಟಿದ ಹುಲ್ಲನ್ನು ಬರಿಗೈಯಿಂದ ಎಳೆಯಬಾರದು. ಚಿಕ್ಕ ಅಗ್ನಿಶಾಮಕವೊಂದು ಗಾಡಿಯಲ್ಲಿರಲಿ. ಲಕ್ಷಗಟ್ಟಲೆ ಬೆಲೆಯ ಗಾಡಿ ಕೊಂಡವನಿಗೆ ಅದೇನೂ ಭಾರವಲ್ಲ.

ಆದರೆ ಕಾರಿನ ಯಜಮಾನರು ರೈತನನ್ನು ಬಯ್ಯುವ ಬಗೆಗೆ ನನ್ನ ಸಮ್ಮತಿಯಿಲ್ಲ. ರಸ್ತೆಗೆ ಅಡ್ಡಿಮಾಡುವುದು ಕಾನೂನಿನಲ್ಲಿ ಅಪರಾಧವೆಂಬುದು ನಿಜವೇ. ಹಿಂದೆ ಊರೂರಿಗೂ ಕಣಗಳಿದ್ದವು. ನೆಲವನ್ನು ಗಟ್ಟಿಮಾಡಿ, ಸಗಣಿ ಸಾರಿಸಿ, ನಡುವೆ ಮೇಟಿ ನೆಟ್ಟು, ಎತ್ತುಗಳಿಂದ ತುಳಿಸಿ, ರೋಣಗಲ್ಲು ಉರುಳಿಸಿ ಒಕ್ಕುತ್ತಿದ್ದರು. ಎತ್ತುಗಳು ಕಡಮೆಯಾದುವು, ಜಮೀನು ಪಾಲಾಗುತ್ತ ಹೋದಂತೆ ಕಣಕ್ಕೆ ಬಿಡುವ ಜಾಗವೂ ಇಲ್ಲವಾಯಿತು. ರಸ್ತೆಯಲ್ಲಿ ಒಕ್ಕುವುದರಿಂದ ರೈತನಿಗೂ ನಷ್ಟವೇ: ಕಾಳು ಒಡೆಯುತ್ತದೆ, ಕಲ್ಲು ಮಣ್ಣು ಬೆರೆಯುತ್ತದೆ, ಡಾಂಬರಿನ ಚೂರೂ ಎಂಜಿನ್ನಿನ ಎಣ್ಣೆಯೂ ಸೇರುತ್ತವೆ. ಬೇರೆ ಗಟ್ಟಿನೆಲವಿದ್ದಿದ್ದರೆ ಅವನು ಲಾರಿಗಳ ನಡುವೆ ಮಕ್ಕಳನ್ನು ಕಟ್ಟಿಕೊಂಡು ಏಕೆ ನಿಲ್ಲುತ್ತಿದ್ದ?

ಇದೇ ತಾಲ್ಲೂಕಿನಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಯ ವೈಮಾನಿಕ ಪರೀಕ್ಷಾ ಕ್ಷೇತ್ರವಿದೆ. 2024ರ ಜೂನ್ 23ರ ಬೆಳಿಗ್ಗೆ ನಮ್ಮ ಬಾಹ್ಯಾಕಾಶ ಸಂಸ್ಥೆಯ ‘ಪುಷ್ಪಕ’ ವಾಹನವು ಅಲ್ಲಿಯ ಓಡುದಾರಿಯ ಮೇಲೆ ಗಂಟೆಗೆ 320 ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿ ಇಳಿದು, ಪ್ಯಾರಾಚೂಟಿನಿಂದ ವೇಗವನ್ನು ಸುಮಾರು 100ಕ್ಕೆ ತಗ್ಗಿಸಿಕೊಂಡು, ಬಳಿಕ ಚಕ್ರದ ಬ್ರೇಕುಗಳಿಂದ ನಿಂತಿತು. ಯಾವ ಸ್ಪೋರ್ಟ್ಸ್ ಕಾರೂ ಈ ಸೀಮೆಯಲ್ಲಿ ಅಷ್ಟು ವೇಗ ಕಂಡಿರಲಾರದು. ಅಂತಹ ಓಡುದಾರಿಯನ್ನು ಹಾಸಬಲ್ಲ ನಾಡಿಗೆ ಗೌರಸಮುದ್ರದಂತಹ ಪ್ರತಿಯೊಂದು ಊರಿನ ಅಂಚಿನಲ್ಲಿ ಒಂದು ಕಾಂಕ್ರೀಟು ಕಣ ಹಾಸುವುದು ಅಸಾಧ್ಯವೆಂದು ನಾನು ನಂಬಲಾರೆ.

ಕಣ ಕಟ್ಟಿಸಿದರೂ ರೈತರು ಬಿಟ್ಟಿ ಚಕ್ರಗಳಿಗಾಗಿ ರಸ್ತೆಗೇ ಬರುವರೆಂದು ಕೆಲವರು ಹೇಳುವುದುಂಟು. ಕಣ ಊರಿಂದ ದೂರವಿದ್ದು, ಕಾಳು ಉದುರಿಸುವ ಸಾಧನವೂ ಇಲ್ಲದಿದ್ದರೆ ಹಾಗಾದೀತು. 2014-15ರಲ್ಲಿ ಕರ್ನಾಟಕ ಸರ್ಕಾರವು ಆರಂಭಿಸಿದ ಕೃಷಿ ಯಂತ್ರಧಾರೆಯ ಉದ್ದೇಶವೇ ಹೋಬಳಿಗಳಲ್ಲಿ ಬೇಸಾಯದ ಯಂತ್ರಗಳನ್ನು ಬಾಡಿಗೆಗೆ ಒದಗಿಸುವುದು. ಒಕ್ಕಣೆ ಯಂತ್ರವನ್ನು ನಿಲ್ಲಿಸಲೂ ಸಮನಾದ ಗಟ್ಟಿನೆಲ ಬೇಕೇ ಬೇಕು. ಕಣವನ್ನು ಹೊಲಕ್ಕೆ ಹೋಗುವ ದಾರಿಯಲ್ಲಿಯೇ, ಗಾಳಿಗೆ ತೂರಲು ಅನುವಾದ ಎತ್ತರದ ಬಯಲಿನಲ್ಲಿ ಕಟ್ಟಿ, ಸುಗ್ಗಿಯ ವಾರಗಳಲ್ಲಿ ಯಂತ್ರ ಯಾವ ದಿನ ಯಾವ ಊರಿಗೆ ಬರುವುದೆಂಬುದನ್ನು ಮುಂಚಿತವಾಗಿ ಪಂಚಾಯತಿಯ ಬಾಗಿಲಿಗೆ ಅಂಟಿಸಲಿ.