ಗರ್ಭಪಾತದ ಸಿನಿಮಾಗಳಲ್ಲಿ ತಾಯಿ ಎಲ್ಲಿ ಹೋದಳು?

'ಅನ್‌ಪ್ಲಾನ್ಡ್' ಅಂತ ಒಂದು ಅಮೆರಿಕದ ಸಿನಿಮಾ ಇದೆ. 2019ರ ಮಾರ್ಚ್‌ನಲ್ಲಿ ಬಂದದ್ದು. ಟೆಕ್ಸಾಸ್ ರಾಜ್ಯದ ಬ್ರಯನ್ ಎಂಬ ಊರಿನಲ್ಲಿ ಪ್ಲಾನ್ಡ್ ಪೇರೆಂಟ್‌ಹುಡ್ ಸಂಸ್ಥೆಯ ಕ್ಲಿನಿಕ್ ನೋಡಿಕೊಳ್ಳುತ್ತಿದ್ದ ಆಬಿ ಜಾನ್ಸನ್ ಅವರ ಕಥೆ. ಒಂದು ದಿನ ಡಾಕ್ಟರ್ ಕೈಗೆ ಸಹಾಯ ಬೇಕೆಂದು ಅವರನ್ನು ಒಳಗೆ ಕರೆಯುತ್ತಾರೆ. ಸ್ಕ್ಯಾನಿಂಗ್ ಪರದೆಯಲ್ಲಿ 13 ವಾರದ ಭ್ರೂಣ ಕಾಣುತ್ತದೆ. ಕೊಳವೆ ಹತ್ತಿರ ಬಂದಾಗ ಅದು ಒದ್ದಾಡುತ್ತದೆ, ತಪ್ಪಿಸಿಕೊಳ್ಳಲು ನೋಡುತ್ತದೆ, ಕೊನೆಗೆ ಮಾಯವಾಗುತ್ತದೆ. ಆಬಿ ಅಳುತ್ತಾ ಹೊರಗೆ ಓಡುತ್ತಾರೆ, ಕೆಲಸ ಬಿಡುತ್ತಾರೆ, ಗರ್ಭಪಾತ ವಿರೋಧಿ ಹೋರಾಟ ಸೇರುತ್ತಾರೆ.

ನೋಡಿದವರ ಕರುಳು ಚುರುಕ್ ಅನ್ನುತ್ತದೆ. ಅನ್ನಲೆಂದೇ ಮಾಡಿದ ದೃಶ್ಯ ಅದು. ಆ ಒದ್ದಾಟ ಕಂಪ್ಯೂಟರ್‌ನಲ್ಲಿ ತಯಾರಾದದ್ದು. 24 ವಾರಕ್ಕೆ ಮುಂಚೆ ಭ್ರೂಣಕ್ಕೆ ನೋವು ಗೊತ್ತಾಗುವಷ್ಟು ಮಿದುಳು ಬೆಳೆದಿರುವುದಿಲ್ಲ ಎಂದು ಅಮೆರಿಕದ ಪ್ರಸೂತಿ ತಜ್ಞರ ಸಂಘವೇ ಹೇಳುತ್ತದೆ. ಇನ್ನು ಆ ದಿನ, ಅಂದರೆ 2009ರ ಸೆಪ್ಟೆಂಬರ್ 26ರಂದು, ಏನಾಯಿತು ಎಂಬುದೇ ವಿವಾದ. 'ಟೆಕ್ಸಾಸ್ ಮಂತ್ಲಿ' ಪತ್ರಿಕೆ 2010ರ ಆರಂಭದಲ್ಲೇ ಇದನ್ನು ಕೆದಕಿತ್ತು. ಕ್ಲಿನಿಕ್ ಕಡೆಯ ದಾಖಲೆಗಳ ಪ್ರಕಾರ ಅವತ್ತು ಸ್ಕ್ಯಾನಿಂಗ್ ನೋಡಿಕೊಂಡು ಮಾಡಿದ ಗರ್ಭಪಾತವೇ ಇಲ್ಲ. ಜಾನ್ಸನ್ ಮಾತ್ರ ತಾವು ಕಂಡದ್ದು ನಿಜವೆಂದೇ ಇಂದಿಗೂ ಹೇಳುತ್ತಾರೆ. ನಾವು ಜಿಲ್ಲಾ ಮಟ್ಟದಲ್ಲಿ ಸುದ್ದಿ ಮಾಡುವವರು, ಒಬ್ಬರ ಮಾತಿನ ಮೇಲೆ ನಾಲ್ಕು ಸಾಲು ಬರೆದರೂ ಡೆಸ್ಕ್‌ನಿಂದ ಫೋನ್ ಬರುತ್ತದೆ, ಇನ್ನೊಂದು ಕಡೆಯವರ ಮಾತು ಎಲ್ಲಿ ಅಂತ. ಸಿನಿಮಾಕ್ಕೆ ಆ ಫೋನ್ ಬರುವುದಿಲ್ಲ.

ಇಂಥ ಸಿನಿಮಾ ತೆಗೆಯುವವರು ಯಾರು? ಹೆಚ್ಚಾಗಿ ಇವಾಂಜೆಲಿಕಲ್ ಕ್ರೈಸ್ತರು. ಪ್ರೊಟೆಸ್ಟೆಂಟರಲ್ಲೇ ಬೈಬಲ್ಲಿನ ಮಾತೇ ಅಂತಿಮ, ಯೇಸುವನ್ನು ತಾನಾಗಿ ಒಪ್ಪಿಕೊಂಡು ಮರುಹುಟ್ಟು ಪಡೆಯಬೇಕು, ಆ ಸುವಾರ್ತೆಯನ್ನು ಬೇರೆಯವರಿಗೆ ಸಾರಬೇಕು ಎನ್ನುವವರು ಅವರು. ಅಮೆರಿಕದಲ್ಲಿ ಅವರ ಸಂಖ್ಯೆ ದೊಡ್ಡದು, ಅವರ ಮತ ಇನ್ನೂ ದೊಡ್ಡದು. 'ಅನ್‌ಪ್ಲಾನ್ಡ್' ಹಂಚಿದ್ದು ಪ್ಯೂರ್ ಫ್ಲಿಕ್ಸ್ ಎಂಬ ಭಕ್ತಿ ಸಿನಿಮಾ ಕಂಪನಿ. ದಿಂಬು ಮಾರುವ ಮೈ ಪಿಲ್ಲೋ ಕಂಪನಿಯ ಮೈಕ್ ಲಿಂಡೆಲ್ 10 ಲಕ್ಷ ಡಾಲರ್ ಹಾಕಿದರು, ಒಂದು ದೃಶ್ಯದಲ್ಲಿ ಬುಲ್ಡೋಜರ್ ಓಡಿಸಿಯೂ ಬಿಟ್ಟರು. ಸುಮಾರು 60 ಲಕ್ಷ ಡಾಲರ್ ಖರ್ಚಿನ ಸಿನಿಮಾ, ಮೊದಲ ಶುಕ್ರವಾರ, ಶನಿವಾರ, ಭಾನುವಾರದಲ್ಲೇ ಅಷ್ಟನ್ನು ದುಡಿಯಿತು. ಇಂಥ ಸಿನಿಮಾಗಳಿಗೆ ಚರ್ಚುಗಳೇ ಇಡೀ ಶೋ ಬುಕ್ ಮಾಡಿ ಭಕ್ತರನ್ನು ಕರೆದೊಯ್ಯುತ್ತವೆ. ಮುಂದಿನ ವರ್ಷ ಜಾನ್ಸನ್ ರಿಪಬ್ಲಿಕನ್ ಪಕ್ಷದ ರಾಷ್ಟ್ರೀಯ ಸಮಾವೇಶದ ವೇದಿಕೆಯಲ್ಲಿ ಟ್ರಂಪ್ ಪರ ಭಾಷಣ ಮಾಡಿದರು. ತೆರೆಯಿಂದ ವೇದಿಕೆಗೆ ದಾರಿ ಅಷ್ಟು ಹತ್ತಿರ.

ನಂಬಿದ್ದನ್ನು ಸಿನಿಮಾ ಮಾಡುವುದು ತಪ್ಪೇನಲ್ಲ. ಗರ್ಭದಲ್ಲಿರುವುದೂ ಒಂದು ಜೀವ, ದೇವರು ಕೊಟ್ಟದ್ದು, ಅದನ್ನು ತೆಗೆಯುವ ಅಧಿಕಾರ ಮನುಷ್ಯನಿಗಿಲ್ಲ ಎಂದು ಒಬ್ಬ ಇವಾಂಜೆಲಿಕಲ್ ಮನಸಾರೆ ನಂಬಿದ್ದರೆ ಅವರನ್ನು ಗೇಲಿ ಮಾಡುವ ಹಕ್ಕು ನಮಗಿಲ್ಲ. ನಮ್ಮ ತಕರಾರು ಎರಡು. ಇದು ಎರಡು ಸಾವಿರ ವರ್ಷದಿಂದ ಬದಲಾಗದೆ ಬಂದ ನಂಬಿಕೆ ಎಂದು ಹೇಳಿಕೊಳ್ಳುವುದು ಒಂದು. ಆ ನಂಬಿಕೆ ಕಾನೂನಾದಾಗ ಮಂಚದ ಮೇಲೆ ಮಲಗಿದ ಹೆಂಗಸಿಗೆ ಏನಾಗುತ್ತದೆ ಎಂಬುದನ್ನು ತೆರೆಯಿಂದ ಆಚೆ ಇಡುವುದು ಇನ್ನೊಂದು.

ಮೊದಲನೆಯದನ್ನು ನೋಡೋಣ. ಸದರ್ನ್ ಬ್ಯಾಪ್ಟಿಸ್ಟ್ ಕನ್ವೆನ್ಷನ್ ಎಂಬುದು ಅಮೆರಿಕದ ಅತಿ ದೊಡ್ಡ ಪ್ರೊಟೆಸ್ಟೆಂಟ್ ಪಂಗಡ. 1971ರಲ್ಲಿ ಅವರು ಒಂದು ಠರಾವು ಪಾಸು ಮಾಡಿದರು. ಅತ್ಯಾಚಾರವಾಗಿದ್ದರೆ, ರಕ್ತಸಂಬಂಧದಲ್ಲಿ ಬಸುರಾಗಿದ್ದರೆ, ಭ್ರೂಣಕ್ಕೆ ತೀವ್ರ ದೋಷವಿದ್ದರೆ, ತಾಯಿಯ ದೇಹಕ್ಕೋ ಮನಸ್ಸಿಗೋ ಹಾನಿಯಾಗುವಂತಿದ್ದರೆ ಗರ್ಭಪಾತಕ್ಕೆ ಅವಕಾಶ ಕೊಡುವ ಕಾನೂನು ಬರಲಿ, ಅದಕ್ಕಾಗಿ ನಮ್ಮ ಜನ ದುಡಿಯಲಿ ಅಂತ. ಮತ್ತೊಮ್ಮೆ ಓದಿ. ಗರ್ಭಪಾತಕ್ಕೆ ಅವಕಾಶ ಕೊಡುವ ಕಾನೂನು ಬರಲಿ ಎಂದವರು ಬ್ಯಾಪ್ಟಿಸ್ಟರೇ! ಅದೇ ವರ್ಷ ಆಗಸ್ಟ್‌ನಲ್ಲಿ ನಮ್ಮ ಸಂಸತ್ತು ಎಂಟಿಪಿ ಕಾಯ್ದೆ ಮಾಡಿತು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಕಾರಣಗಳ ಪಟ್ಟಿ ಹೆಚ್ಚುಕಡಿಮೆ ಒಂದೇ ಥರ ಇದೆ. 1973ರಲ್ಲಿ ರೋ ವರ್ಸಸ್ ವೇಡ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಗರ್ಭಪಾತವನ್ನು ಹೆಂಗಸಿನ ಸಂವಿಧಾನಬದ್ಧ ಹಕ್ಕು ಎಂದಾಗ, ಬ್ಯಾಪ್ಟಿಸ್ಟರ ದೊಡ್ಡ ಪಾಸ್ಟರ್ ಡಬ್ಲ್ಯು. ಎ. ಕ್ರಿಸ್ವೆಲ್ ಅದನ್ನು ಒಪ್ಪಿ ಮಾತಾಡಿದ್ದರು. ಆಗ ಇದು ಕ್ಯಾಥೊಲಿಕರ ಜಗಳ, ನಮ್ಮದಲ್ಲ ಎಂಬ ಭಾವನೆ ಅವರಲ್ಲಿತ್ತು.

ಮತ್ತೆ ಬದಲಾದದ್ದು ಹೇಗೆ? ಇಲ್ಲಿಯೇ ಸಿನಿಮಾ ಬರುತ್ತದೆ.

ಸ್ವಿಟ್ಜರ್ಲೆಂಡಿನ ಬೆಟ್ಟದ ಹಳ್ಳಿಯಲ್ಲಿ ಲಾಬ್ರಿ ಎಂಬ ಆಶ್ರಮದಂಥ ಜಾಗ ನಡೆಸುತ್ತಿದ್ದ ಫ್ರಾನ್ಸಿಸ್ ಶೆಫರ್ ಎಂಬ ಅಮೆರಿಕದ ಪಾಸ್ಟರ್ ಇದ್ದರು. ದೇಶವಿದೇಶದ ಹುಡುಗ ಹುಡುಗಿಯರು ಪ್ರಶ್ನೆ ಹೊತ್ತು ಅಲ್ಲಿಗೆ ಬರುತ್ತಿದ್ದರು. ಅವರ ಮಗ ಫ್ರಾಂಕ್‌ಗೆ ಸಿನಿಮಾ ಹುಚ್ಚು. ಗರ್ಭಪಾತದ ವಿಷಯ ಎತ್ತಲು ಅಪ್ಪನಿಗೆ ಮೊದಲು ಮನಸ್ಸೇ ಇರಲಿಲ್ಲ, ಹಟ ಹಿಡಿದು ಒಪ್ಪಿಸಿದವನು ನಾನೇ ಎಂದು ಮಗನೇ ಮುಂದೆ ತನ್ನ ಆತ್ಮಕಥೆಯಲ್ಲಿ ಬರೆದುಕೊಂಡ. 1979ರಲ್ಲಿ ಫ್ರಾಂಕ್ ನಿರ್ದೇಶನದಲ್ಲಿ 'ವಾಟೆವರ್ ಹ್ಯಾಪನ್ಡ್ ಟು ದಿ ಹ್ಯೂಮನ್ ರೇಸ್?' ಎಂಬ ಐದು ಕಂತಿನ ಚಿತ್ರ ಬಂತು. ಅಪ್ಪನ ಜೊತೆ ತೆರೆ ಮೇಲೆ ಬಂದವರು ಡಾ. ಸಿ. ಎವರೆಟ್ ಕೂಪ್, ಫಿಲಡೆಲ್ಫಿಯಾದ ಹೆಸರಾಂತ ಮಕ್ಕಳ ಶಸ್ತ್ರಚಿಕಿತ್ಸಕ. ಅದರ ಒಂದು ದೃಶ್ಯ ಈಗಲೂ ಜನರ ಬಾಯಲ್ಲಿದೆ. ಮೃತ ಸಮುದ್ರದ ಉಪ್ಪಿನ ದಂಡೆ, ಅಲ್ಲಿ ಚೆಲ್ಲಾಡಿದ ಸಾವಿರಾರು ಗೊಂಬೆಗಳು, ನಡುವೆ ನಿಂತ ಡಾಕ್ಟರ್ ಗರ್ಭಪಾತದ ಲೆಕ್ಕ ಹೇಳುತ್ತಾರೆ.

ಗೊಂಬೆಗೆ ಅಮ್ಮ ಇರುವುದಿಲ್ಲ. ಆ ಇಡೀ ಚೌಕಟ್ಟಿನಲ್ಲಿ ಒಬ್ಬ ಬಸುರಿ ಹೆಂಗಸಿಲ್ಲ. 40 ವರ್ಷದ ನಂತರ ಬಂದ 'ಅನ್‌ಪ್ಲಾನ್ಡ್' ಅದೇ ಚೌಕಟ್ಟನ್ನು ಸ್ಕ್ಯಾನಿಂಗ್ ಪರದೆಗೆ ತಂದಿತು, ಅಷ್ಟೇ. ಆಬಿಯ ಕಣ್ಣೀರು ತುಂಬಾ ಕಾಣುತ್ತದೆ. ಮಂಚದ ಮೇಲೆ ಮಲಗಿದವಳು ಯಾರು, ಯಾಕೆ ಬಂದಳು, ಮನೆಯಲ್ಲಿ ಎಷ್ಟು ಮಕ್ಕಳು, ಅವಳಿಗೇನು ಕಾಯಿಲೆ, ಇವು ಯಾವುದೂ ಆ ದೃಶ್ಯಕ್ಕೆ ಬೇಕಿಲ್ಲ.

ಶೆಫರ್ ಚಿತ್ರವನ್ನು ಊರೂರಿಗೆ ಒಯ್ದು ತೋರಿಸಿದರು. ಆಮೇಲೆ ಚರ್ಚುಗಳೇ ಅದನ್ನು ಎತ್ತಿಕೊಂಡವು. ಒಂದು ಸಿನಿಮಾದಿಂದಲೇ ಎಲ್ಲ ತಿರುಗಿತು ಎಂದರೆ ಅದು ಉತ್ಪ್ರೇಕ್ಷೆ. ಇತಿಹಾಸಕಾರ ರ‍್ಯಾಂಡಲ್ ಬಾಮರ್ ಬೇರೆಯೇ ಕಾರಣ ಕೊಡುತ್ತಾರೆ: ಕರಿಯರನ್ನು ದೂರವಿಟ್ಟಿದ್ದ ಬಾಬ್ ಜೋನ್ಸ್ ವಿಶ್ವವಿದ್ಯಾಲಯದಂಥ ಕ್ರೈಸ್ತ ಸಂಸ್ಥೆಗಳ ತೆರಿಗೆ ವಿನಾಯಿತಿಗೆ ಸರಕಾರ ಕೈ ಹಾಕಿದಾಗ ಪಾಸ್ಟರ್‌ಗಳು ರಾಜಕೀಯಕ್ಕೆ ಇಳಿದರು, ಜನರ ಮುಂದೆ ಹೇಳಿಕೊಳ್ಳಲು ಅದಕ್ಕಿಂತ ಚೆಂದದ ವಿಷಯ ಬೇಕಿತ್ತು, ಗರ್ಭಪಾತ ಸಿಕ್ಕಿತು. ಇದನ್ನು ಒಪ್ಪದ ಇತಿಹಾಸಕಾರರೂ ಇದ್ದಾರೆ. ಏನೇ ಇರಲಿ, 1980ರ ಹೊತ್ತಿಗೆ ಸದರ್ನ್ ಬ್ಯಾಪ್ಟಿಸ್ಟರ ಠರಾವು ತಿರುಗಾಮುರುಗಾ ಆಗಿತ್ತು. ತಾಯಿಯ ಜೀವಕ್ಕೇ ಬಂದರೆ ಹೊರತು ಗರ್ಭಪಾತ ನಿಷೇಧವಾಗಲಿ ಎಂದರು. ಒಂಬತ್ತೇ ವರ್ಷ! ಬೈಬಲ್ಲು ಆ ನಡುವೆ ಒಂದಕ್ಷರವೂ ಬದಲಾಗಿರಲಿಲ್ಲ. ಫ್ರಾಂಕ್ ಶೆಫರ್ ಮುಂದೆ ಆ ಚಳವಳಿಯಿಂದಲೇ ಹೊರಬಂದು, ತಾನು ಕಟ್ಟಿದ್ದನ್ನು ತಾನೇ ಟೀಕಿಸಿ ಪುಸ್ತಕ ಬರೆದ.

ಈಗ ಎರಡನೇ ತಕರಾರು. ಇದರಲ್ಲಿ ನಮ್ಮ ಬೆಳಗಾವಿಯೂ ಇದೆ.

ಬೆಳಗಾವಿಯ ಮನೆಮಗಳು ಸವಿತಾ ಹಾಲಪ್ಪನವರ ಐರ್ಲೆಂಡಿನ ಗಾಲ್ವೆಯಲ್ಲಿ ಗಂಡನ ಜೊತೆ ಇದ್ದರು. ದಂತವೈದ್ಯೆ, 31 ವರ್ಷ, ಚೊಚ್ಚಲ ಬಸುರಿ. 2012ರ ಅಕ್ಟೋಬರ್ 21ರಂದು ಬೆನ್ನುನೋವು ಅಂತ ಆಸ್ಪತ್ರೆಗೆ ಹೋದರು. 17 ವಾರ. ಗರ್ಭ ನಿಲ್ಲುವುದಿಲ್ಲ ಎಂದು ಡಾಕ್ಟರ್‌ಗಳೇ ಹೇಳಿದರು. ಹಾಗಾದರೆ ತೆಗೆದುಬಿಡಿ ಎಂದು ಗಂಡ ಹೆಂಡತಿ ಕೇಳಿಕೊಂಡರು. ಮಗುವಿನ ಎದೆಬಡಿತ ಇನ್ನೂ ಇದೆ, ಕಾನೂನಿನಲ್ಲಿ ಆಗುವುದಿಲ್ಲ ಎಂಬ ಉತ್ತರ ಬಂತು. ಇದು ಕ್ಯಾಥೊಲಿಕ್ ದೇಶ ಎಂಬ ಮಾತನ್ನು ಅಲ್ಲಿನ ಒಬ್ಬ ಸೂಲಗಿತ್ತಿ ಸಿಬ್ಬಂದಿ ಆಡಿದ್ದು ಮುಂದೆ ವಿಚಾರಣೆಯಲ್ಲಿ ಸಾಬೀತಾಯಿತು. ಎದೆಬಡಿತ ನಿಲ್ಲುವ ಹೊತ್ತಿಗೆ ರಕ್ತಕ್ಕೆ ನಂಜೇರಿತ್ತು. ಅಕ್ಟೋಬರ್ 28ಕ್ಕೆ ಸವಿತಾ ತೀರಿಹೋದರು.

ಐರ್ಲೆಂಡ್ ಕ್ಯಾಥೊಲಿಕ್ ದೇಶ, ಇವಾಂಜೆಲಿಕಲ್‌ಗಳ ದೇಶವಲ್ಲ, ಅದು ನಮಗೆ ಗೊತ್ತು. ಆದರೆ ಎದೆಬಡಿತ ನಿಲ್ಲುವ ತನಕ ಕಾಯಿರಿ ಎನ್ನುವ ಕಾನೂನು ಯಾವ ಚರ್ಚಿನಿಂದ ಬಂದರೂ ಮಂಚದ ಮೇಲೆ ಒಂದೇ ರೀತಿ ಕೆಲಸ ಮಾಡುತ್ತದೆ. ಟೆಕ್ಸಾಸ್‌ನಲ್ಲಿ 2021ರ ಸೆಪ್ಟೆಂಬರ್ 1ರಂದು ಜಾರಿಗೆ ಬಂದ ಕಾಯ್ದೆಯ ಹೆಸರೇ 'ಎದೆಬಡಿತ ಕಾಯ್ದೆ'. ಅದೇ ವಾರ ಹ್ಯೂಸ್ಟನ್‌ನ ಒಂದು ಆಸ್ಪತ್ರೆಗೆ 28 ವರ್ಷದ ಹೆಂಗಸೊಬ್ಬಳು ಬಂದಳು. ಹೊಂಡುರಾಸ್ ದೇಶದಿಂದ ವಲಸೆ ಬಂದವಳು, ಮನೆಯಲ್ಲಿ ಪುಟ್ಟ ಮಗಳು. ಅವಳಿಗೂ 17 ವಾರ. ಗರ್ಭ ಇಳಿಯುತ್ತಿತ್ತು. 40 ಗಂಟೆ ಕಾಯಿಸಿದರು. ನಂಜೇರಿ ಸತ್ತಳು. 'ಪ್ರೊಪಬ್ಲಿಕಾ' ಎಂಬ ಸುದ್ದಿಸಂಸ್ಥೆ ಮೂರು ವರ್ಷದ ನಂತರ ಅವಳ ದಾಖಲೆಗಳನ್ನು ತಜ್ಞ ವೈದ್ಯರಿಗೆ ತೋರಿಸಿ ಈ ಸುದ್ದಿ ಹೊರತಂದಿತು. ಇಂಥ ಸಾವುಗಳ ಆ ಸರಣಿಗೆ 2025ರಲ್ಲಿ ಪುಲಿಟ್ಜರ್ ಬಹುಮಾನ ಬಂತು.

ಬೆಳಗಾವಿಯ ಹುಡುಗಿಗೂ 17 ವಾರ, ಹೊಂಡುರಾಸ್‌ನ ಹುಡುಗಿಗೂ 17 ವಾರ. ಇಬ್ಬರಿಗೂ ಮಗು ಬೇಕಿತ್ತು. 'ಅನ್‌ಪ್ಲಾನ್ಡ್' ಎಂದರೆ ಬೇಡದ ಬಸಿರು, ಯೋಜನೆಯಿಲ್ಲದ್ದು. ಬೇಕಾದ ಬಸಿರೇ ಮುರಿದು ಬಿದ್ದಾಗ ತಾಯಿಯನ್ನು ಉಳಿಸಲೂ ಇದೇ ಚಿಕಿತ್ಸೆ ಬೇಕಾಗುತ್ತದೆ ಎಂಬ ಸರಳ ಸಂಗತಿಗೆ ಆ ಸಿನಿಮಾದಲ್ಲಿ ಜಾಗವಿಲ್ಲ.

ಸವಿತಾ ಸತ್ತದ್ದು ಕಾನೂನಿನಿಂದಲ್ಲ, ಸೋಂಕು ಗುರುತಿಸದ ಆಸ್ಪತ್ರೆಯಿಂದ ಎಂದು ಗರ್ಭಪಾತ ವಿರೋಧಿಗಳು ವಾದಿಸುತ್ತಾರೆ. ಅರ್ಧ ನಿಜ. ಆಸ್ಪತ್ರೆಯ ನಿರ್ಲಕ್ಷ್ಯ ಇತ್ತು. ಆದರೆ ಪ್ರೊ. ಅರುಳ್‌ಕುಮಾರನ್ ನೇತೃತ್ವದ ತನಿಖೆ ಇನ್ನೊಂದು ಮಾತನ್ನೂ ಹೇಳಿತು: ಎದೆಬಡಿತ ತಾನಾಗಿ ನಿಲ್ಲಲಿ ಎಂದು ಕಾಯುವುದಕ್ಕೆ ಸಿಕ್ಕ ಮಹತ್ವ ತಾಯಿಯ ಸೋಂಕಿನ ಅಪಾಯಕ್ಕೆ ಸಿಗಲಿಲ್ಲ. ಕಾನೂನು ಡಾಕ್ಟರ ತಲೆಯೊಳಗೆ ಕೂತಾಗ ಹೀಗಾಗುತ್ತದೆ. 2022ರ ಜೂನ್ 24ರಂದು ಅಮೆರಿಕದ ಸುಪ್ರೀಂ ಕೋರ್ಟ್ ರೋ ತೀರ್ಪನ್ನು ರದ್ದು ಮಾಡಿದ ಮೇಲೆ ಟೆಕ್ಸಾಸ್‌ನಲ್ಲಿ ಕಾನೂನು ಮೀರಿ ಗರ್ಭ ತೆಗೆದ ಡಾಕ್ಟರ್‌ಗೆ 99 ವರ್ಷದವರೆಗೂ ಜೈಲು, ಕನಿಷ್ಠ 1 ಲಕ್ಷ ಡಾಲರ್ ದಂಡ, ಲೈಸೆನ್ಸ್ ರದ್ದು. ತಾಯಿಯ ಜೀವಕ್ಕೆ ಅಪಾಯವಿದ್ದರೆ ವಿನಾಯಿತಿ ಇದೆಯಲ್ಲ ಅಂತೀರಾ? ಇದೆ. ಜ್ವರ ಎಷ್ಟು ಏರಿದರೆ ಅಪಾಯ, ಎಷ್ಟು ರಕ್ತ ಹೋದರೆ ಅಪಾಯ? ರಾತ್ರಿ ಎರಡು ಗಂಟೆಗೆ ಇದನ್ನು ಡಾಕ್ಟರ್ ವಕೀಲರನ್ನು ಕೇಳಿ ತೀರ್ಮಾನಿಸಬೇಕು.

ಇಲ್ಲಿ ನಮ್ಮ ಓದುಗರಲ್ಲೇ ಕೆಲವರು ಕೇಳುತ್ತೀರಿ, ನಿಮ್ಮ ಮಂಡ್ಯದ ಆಲೆಮನೆ ಏನಾಯ್ತು ಅಂತ. ಸರಿಯಾದ ಪ್ರಶ್ನೆ. 2023ರ ಕೊನೆಗೆ ಬೆಂಗಳೂರು ಪೊಲೀಸರು ಬಯಲು ಮಾಡಿದ ಜಾಲ ಅದು. ಬೆಲ್ಲ ಮಾಡುವ ಜಾಗದಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು, ಹೆಣ್ಣು ಎಂದು ಗೊತ್ತಾದರೆ ತೆಗೆಸುತ್ತಿದ್ದರು. ಇದನ್ನು ಹಿಡಿದುಕೊಂಡು ಗರ್ಭಪಾತವನ್ನೇ ನಿಷೇಧಿಸಿ ಎನ್ನುವವರು ಒಂದು ವಿಷಯ ಮರೆಯುತ್ತಾರೆ. ಎಷ್ಟೋ ಮನೆಗಳಲ್ಲಿ ಹೆಣ್ಣು ಭ್ರೂಣ ತೆಗೆಸಲು ಸೊಸೆಯನ್ನು ಕರೆದೊಯ್ಯುವಾಗ ಅವಳನ್ನು ಯಾರೂ ಕೇಳುವುದಿಲ್ಲ. ಗಾಲ್ವೆಯಲ್ಲಿ ಸವಿತಾ ಕೇಳಿದರೂ ಯಾರೂ ಕೊಡಲಿಲ್ಲ. ಒಂದು ಕಡೆ ಅತ್ತೆ ಮಾವ ಗಂಡ, ಇನ್ನೊಂದು ಕಡೆ ಚರ್ಚು, ಶಾಸನಸಭೆ. ಭ್ರೂಣಲಿಂಗ ಪತ್ತೆ ತಡೆಯಲು ನಮಗೆ 1994ರಿಂದ ಬೇರೆ ಕಾಯ್ದೆಯೇ ಇದೆ. ಅದನ್ನು ಜಾರಿ ಮಾಡದ ಅಧಿಕಾರಿಗಳನ್ನು ಕೇಳಬೇಕು. ಎಂಟಿಪಿ ಕಾಯ್ದೆಯಲ್ಲಿ ಈಗ 20 ವಾರದವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯ ಸಾಕು, ಕೆಲವು ಸಂದರ್ಭಗಳಲ್ಲಿ 24 ವಾರದವರೆಗೆ ಇಬ್ಬರದ್ದು. ತಾಯಿಯ ಜೀವ ಉಳಿಸಲು ತಕ್ಷಣ ಬೇಕೆಂದರೆ ವಾರದ ಲೆಕ್ಕವೇ ಇಲ್ಲ. ಸವಿತಾ ಬೆಳಗಾವಿಯಲ್ಲೇ ಇದ್ದಿದ್ದರೆ ಕಾನೂನು ಅಡ್ಡ ಬರುತ್ತಿರಲಿಲ್ಲ. ಮುಂದುವರಿದ ದೇಶ ಅಂತ ಕಳಿಸಿದ್ದರು.

ಭಕ್ತಿ ಸಿನಿಮಾ ಮಾಡುವವರಿಗೆ ನಾವು ಕೇಳುವುದು ಇಷ್ಟೇ. ಜೀವದ ಪರ ಅನ್ನುತ್ತೀರಿ, 17 ವಾರದ ಆ ಇಬ್ಬರ ಜೀವದ ಮೇಲೂ ಕ್ಯಾಮೆರಾ ಇಡಿ. ಯೇಸುವಿನ ಮುಂದೆ ಜನ ಒಬ್ಬ ಹೆಂಗಸನ್ನು ಎಳೆದು ತಂದು ನಿಲ್ಲಿಸಿದ ಕಥೆ ನಿಮ್ಮ ಬೈಬಲ್ಲಿನಲ್ಲೇ ಇದೆ. ಅಲ್ಲಿ ಅವರು ಮೊದಲು ಪ್ರಶ್ನೆ ಮಾಡಿದ್ದು ಕಲ್ಲು ಹಿಡಿದವರನ್ನು.

ಐರ್ಲೆಂಡಿನ ಜನ 2018ರ ಮೇ 25ರಂದು ಮತ ಹಾಕಿ, 1983ರಿಂದ ಸಂವಿಧಾನದಲ್ಲಿದ್ದ ಗರ್ಭಪಾತ ನಿಷೇಧವನ್ನು ತೆಗೆದುಹಾಕಿದರು. ನೂರಕ್ಕೆ 66.4 ಮತ ತೆಗೆದುಹಾಕುವ ಪರ. ಅದಕ್ಕೂ ಮುಂಚೆ ಬೆಳಗಾವಿಯಿಂದ ಸವಿತಾ ಅವರ ತಂದೆ ಅಲ್ಲಿನ ಜನರಿಗೆ ಮನವಿ ಮಾಡಿದ್ದರು, ನನ್ನ ಮಗಳನ್ನು ನೆನೆದು ಮತ ಹಾಕಿ ಅಂತ. ಡಬ್ಲಿನ್‌ನ ಒಂದು ಗೋಡೆಯ ಮೇಲೆ ಅವರ ಚಿತ್ರ ಬರೆದಿದ್ದರು. ಮತ ಹಾಕಿ ಬಂದವರು ಅದರ ಸುತ್ತ ಚೀಟಿ ಅಂಟಿಸಿ ಹೋದರು. ಎಷ್ಟೋ ಚೀಟಿಗಳಲ್ಲಿ ಇದ್ದದ್ದು ಕ್ಷಮಿಸು ಎಂಬ ಮಾತು. ಟೆಕ್ಸಾಸ್ ತನ್ನ ಕಾಯ್ದೆಯ ವಿನಾಯಿತಿಯನ್ನು ಬಿಡಿಸಿ ಹೇಳುವ ತಿದ್ದುಪಡಿ ಮಾಡಿದ್ದು 2025ರಲ್ಲಿ, ಹ್ಯೂಸ್ಟನ್‌ನ ಆ ತಾಯಿ ಸತ್ತು ನಾಲ್ಕು ವರ್ಷ ಆಗುತ್ತಾ ಬಂದಿದ್ದಾಗ. ನಿಷೇಧ ಮಾತ್ರ ಹಾಗೇ ಇದೆ.